ಪೆಟ್ ಸ್ಕ್ಯಾನ್‌ಗೆ ಹೊರಡುವ ಮುನ್ನ ಕಾಫಿ ಬೇಡ

ಮೈಯಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ಹುಡುಕುವ ಪೆಟ್-ಸಿಟಿ ಸ್ಕ್ಯಾನ್ ನಮ್ಮ ದೊಡ್ಡಮ್ಮನಿಗೆ ಮೊದಲ ಸಲ ತಪ್ಪಿದ್ದು ಅರ್ಧ ಲೋಟ ಕಾಫಿಯಿಂದ. ‘ಖಾಲಿ ಹೊಟ್ಟೇಲಿ ಬನ್ನಿ ಅಂದ್ರೆ ತಿಂಡಿ ಬೇಡ ಅಂತ ತಾನೆ, ಕಾಫಿಗೇನು?’ ಎಂದು ಬೆಳಗ್ಗೆ ಏಳಕ್ಕೆ ಕುಡಿದೇ ಹೊರಟಿದ್ದರು. ಆಸ್ಪತ್ರೆಯವರು ಇನ್ನೊಂದು ದಿನ ಬನ್ನಿ ಎಂದರು.

ಈ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುವುದು ಎಫ್‌ಡಿಜಿ: ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಗ್ಲೂಕೋಸ್. ಬಹಳಷ್ಟು ಕ್ಯಾನ್ಸರ್ ಕೋಶಗಳು ಸಕ್ಕರೆಗೆ ಬಾಯಿಬಿಡುತ್ತವೆ. ಎಫ್‌ಡಿಜಿಯನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಸಿಹಿ ಕಾಫಿ ಕುಡಿದರೆ ಇನ್ಸುಲಿನ್ ಏರಿ ಅದೇ ಎಫ್‌ಡಿಜಿ ಸ್ನಾಯುಗಳ ಪಾಲಾಗುತ್ತದೆ, ಗಡ್ಡೆ ಮಂಕಾಗುತ್ತದೆ.

ಹಾಗಾಗಿ ಹಿಂದಿನ ದಿನವೇ ಬಿರುಸಿನ ನಡಿಗೆ, ಭಾರ ಎತ್ತುವ ಕೆಲಸ ನಿಲ್ಲಿಸಿ. ಸ್ಕ್ಯಾನ್‌ಗೆ ಕನಿಷ್ಠ ಆರು ಗಂಟೆ ಮೊದಲಿನಿಂದ ಬರೀ ನೀರು. ಸಕ್ಕರೆ ಕಾಯಿಲೆ ಇದ್ದರೆ ಸಮಯ ನಿಗದಿ ಮಾಡುವಾಗಲೇ ಹೇಳಿ. ಮಾತ್ರೆ, ಇನ್ಸುಲಿನ್ ನೀವಾಗಿಯೇ ಬಿಡಬೇಡಿ. ರಕ್ತದ ಸಕ್ಕರೆ 200 ದಾಟಿದರೆ ಸಾಮಾನ್ಯವಾಗಿ ಮುಂದೂಡುತ್ತಾರೆ.

ತಡ ಮಾಡುವ ಹಾಗಿಲ್ಲ. ಫ್ಲೋರಿನ್-18ರ ಕಸುವು ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ನೀವು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಅದು ಕರಗುತ್ತಲೇ ಇರುತ್ತದೆ.

ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಸುಮ್ಮನಿರಬೇಕು. ಇದೇ ಕಷ್ಟದ ಭಾಗ. ಎರಡನೇ ಸಲ ದೊಡ್ಡಮ್ಮ ಸೆರಗಿನ ಗಂಟಿನಿಂದ ಅಡಿಕೆ ತೆಗೆದಾಗ ನರ್ಸ್ ಓಡಿಬಂದು ಕೈ ಹಿಡಿದರು: ಅಗಿದರೆ ದವಡೆಯ ಸ್ನಾಯುವೂ ಹೊಳೆಯುತ್ತದಂತೆ! ಮಾತೂ ಕಡಿಮೆ ಇರಲಿ. ಶಾಲು ಒಯ್ಯಿರಿ, ಚಳಿಯಾದರೆ ಕತ್ತಿನ ಬಳಿಯ ಕಂದು ಕೊಬ್ಬು ಸಕ್ಕರೆ ಉರಿಸಿ ಗೊಂದಲ ಹುಟ್ಟಿಸುತ್ತದೆ. ಯಂತ್ರದೊಳಗೆ ಹೋಗುವ ಮುನ್ನ ಮೂತ್ರಕ್ಕೆ ಹೋಗಿಬನ್ನಿ. ಒಳಗೆ ಮಲಗುವುದು ಇಪ್ಪತ್ತು-ಮೂವತ್ತು ನಿಮಿಷ, ಅಷ್ಟೇ.

ಮುಗಿದ ಮೇಲೆ ಚೆನ್ನಾಗಿ ನೀರು ಕುಡಿಯಿರಿ. ಗರ್ಭಿಣಿಯರಿಂದ, ಎಳೆಮಕ್ಕಳಿಂದ ಆ ದಿನ ದೂರವಿರಿ.

ಚಿತ್ರ ನೋಡಿ ಗಾಬರಿಯಾಗಬೇಡಿ. ಮಿದುಳು, ಮೂತ್ರಕೋಶ ಹೇಗೂ ಹೊಳೆಯುತ್ತವೆ. ಕ್ಷಯದ ಗಂಟೂ ಹೊಳೆಯಬಹುದು. ಅನುಮಾನವಿದ್ದರೆ ಬಯಾಪ್ಸಿಯೇ (ಗಂಟಿನ ಚೂರು ತೆಗೆದು ಪರೀಕ್ಷಿಸುವುದೇ) ಗತಿ.

ಕೆಲವು ಕ್ಯಾನ್ಸರ್‌ಗಳಲ್ಲಿ ಹುಡುಕುವ ದಾರಿಯೇ ಮದ್ದಿನ ದಾರಿಯೂ ಹೌದು. ಥೈರಾಯ್ಡ್ ಅಯೋಡಿನ್ ಹೀರುತ್ತದಲ್ಲ, ಶಸ್ತ್ರಚಿಕಿತ್ಸೆಯ ನಂತರ ಅಲ್ಲಿ ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನು ವಿಕಿರಣ ಸೂಸುವ ಅಯೋಡಿನ್-131 ಸುಡುತ್ತದೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಕೋಶಗಳ ಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನನ್ನು ವಿಕಿರಣ ಸೂಸುವ ಗ್ಯಾಲಿಯಂ-68 ಕೂಡಿಸಿದ ಔಷಧಿ ತೋರಿಸಿಕೊಟ್ಟರೆ, ಲುಟೀಶಿಯಂ-177 ಕೂಡಿಸಿದ್ದು ಅಲ್ಲಿಗೇ ಹೋಗಿ ದಾಳಿ ಮಾಡುತ್ತದೆ.

ಅಂದಹಾಗೆ, ಹಳೆಯ ಸ್ಕ್ಯಾನ್‌ನ ಸಿ.ಡಿ. ಮರೆಯದೆ ಒಯ್ಯಿರಿ. ಗಡ್ಡೆ ಕುಗ್ಗಿದೆಯೋ ಬೆಳೆದಿದೆಯೋ ಹೇಳಲು ವೈದ್ಯರಿಗೆ ಅದು ಬೇಕು.