ಆಟಿ ಹದಿನೆಂಟರ ಮುಂಚೆ ಮದ್ದುಸೊಪ್ಪು ಮುಟ್ಟಬೇಡಿ

ಜೂನ್‌ನಲ್ಲಿ ನಾಲ್ಕು ಹನಿ ಬಿದ್ದದ್ದೇ ತಡ, ಬೆಂಗಳೂರಿನಲ್ಲಿರುವ ನನ್ನ ಸೊಸೆ ಬಾಲ್ಕನಿ ಕುಂಡದ ಮದ್ದುಸೊಪ್ಪು (ಕೊಡಗಿನಲ್ಲಿ ನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡುವ ಸೊಪ್ಪು) ಕಿತ್ತು, ಕುಕ್ಕರಿಗೆ ಹಾಕಿ ಮೂರು ಸೀಟಿ ಕೂಗಿಸಿದ್ದಾಳೆ. ಆಮೇಲೆ ನನಗೆ ಫೋನು. "ಅತ್ತೆ, ಬಣ್ಣವೇ ಬರ್ಲಿಲ್ಲ!" ಎಲ್ಲಿಂದ ಬರಬೇಕು?

ಕೊಡಗಿನಲ್ಲಿ ಈ ಸೊಪ್ಪಿಗೆ ಅಂತಲೇ ಒಂದು ದಿನ ಇದೆ. ಆಟಿ ಹದಿನೆಂಟು, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ, ಕೊಡವರ ಬಾಯಲ್ಲಿ ಕಕ್ಕಡ ಪದಿನೆಟ್ಟ್. ಆಗಸ್ಟ್ 3ರ ಆಸುಪಾಸು. ಅವತ್ತಿಗೆ ಗಿಡದಲ್ಲಿ 18 ಬಗೆ ಮದ್ದು ಸೇರಿರುತ್ತದೆ ಅಂತಾರೆ. ನಾನಂತೂ ಎಣಿಸಿ ನೋಡಿಲ್ಲ. ಆದರೆ ನನ್ನ ಮೂಗನ್ನು ನಂಬುತ್ತೇನೆ. ಮಳೆಗಾಲದ ಶುರುವಿನಲ್ಲಿ ಎಲೆ ಉಜ್ಜಿದರೆ ಬರೀ ಹಸಿ ಸೊಪ್ಪಿನ ವಾಸನೆ. ಆಟಿ ಹದಿನೆಂಟಕ್ಕೆ ಗಿಡದ ಪಕ್ಕ ಹಾದುಹೋದರೂ ಘಮ್ ಅನ್ನುತ್ತದೆ.

ಎಲ್ಲ ಮದ್ದಿಗೂ ಹೀಗೇ ಒಂದು ಕಾಲ ಇದೆ. ಅರಿಶಿನ ಎಲೆ ಒಣಗಿ ಬಿದ್ದ ಮೇಲೆ ಅಗೆಯಬೇಕು, ಎಲೆಯ ಸತ್ವ ಅಷ್ಟೂ ಗೆಡ್ಡೆಗೆ ಇಳಿದಿರುತ್ತದೆ. ಅಮೃತಬಳ್ಳಿ ದಂಟು ಬೇಸಿಗೆಯದು, ನೆಲ್ಲಿಕಾಯಿ ಚಳಿಗಾಲದ್ದು. ಇದನ್ನೂ ಹೇಳಿಕೊಡಬೇಕಾ?

ಇನ್ನು ರಸ ತೆಗೆಯುವುದು. ಪಾಯಸ ಮಾಡುವ ಹಿಂದಿನ ಸಂಜೆ ಎರಡು ಕೈಯಲ್ಲಿ ತಬ್ಬುವಷ್ಟು ಸೊಪ್ಪು ಕೊಯ್ಯಿರಿ, ದಂಟು ಸಮೇತ. ದಂಟು ಬಿಸಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಣ್ಣು ಹೋಗುವ ತನಕ ತೊಳೆದು, ಒಂದೊಂದೇ ಗೆಣ್ಣನ್ನು ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ. ಚಟ್ನಿ ಮಾಡಬೇಡಿ, ಬಿರುಕು ಬಿಟ್ಟರೆ ಸಾಕು. ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ಮುಳುಗುವಷ್ಟು ನೀರು, ಸಣ್ಣ ಉರಿ, ಮುಚ್ಚಳ ಓರೆ. ಆಗಾಗ ಒಂದು ಹನಿ ಬಿಳಿ ಪಿಂಗಾಣಿ ತಟ್ಟೆಗೆ ಬಿಟ್ಟು, ತಟ್ಟೆ ವಾಲಿಸಿ ನೋಡಿ. ಹನಿ ಹರಿದ ಜಾಡು ತೆಳು ಗುಲಾಬಿ ಇದ್ದರೆ ಇನ್ನೂ ಆಗಿಲ್ಲ. ನೇರಳೆಹಣ್ಣು ತಿಂದ ನಾಲಗೆ ಹಾಗೆ ಕಂಡರೆ ಒಲೆ ಆರಿಸಿ. ಕಟ್ಟನ್ನು ರಾತ್ರಿಯಿಡೀ ಅದರಲ್ಲೇ ಬಿಡಿ. ಬೆಳಿಗ್ಗೆ ಎತ್ತಿ ಸೋರಲು ಬಿಡಿ, ಹಿಂಡಬೇಡಿ, ಹಿಂಡಿದರೆ ರಸ ಒಗರು.

ಸೋಸಲು ಹಳೇ ಪಂಚೆ ತುಂಡು ಸಾಕು, ಆ ಕಲೆ ಹೋಗಲ್ಲ. ಬಟ್ಟೆ ಅಂದಾಗ ನೆನಪಾಯ್ತು, ಆಟಿಯಲ್ಲಿ ಅರೆಬರೆ ಒಣಗಿದ್ದನ್ನು ಮಡಚಿ ಬೀರುವಿಗೆ ತುರುಕುತ್ತೀರಲ್ಲ, ಆಮೇಲೆ ಬೂಷ್ಟು ಅಂತ ಅಳಬೇಡಿ. ಒಲೆ ಮೇಲಿನ ಹಗ್ಗಕ್ಕೆ ಒಂದು ರಾತ್ರಿ ಹಾಕಿ.

ರಸ ಸಿಕ್ಕಿತು ಅಂದರೆ ಪಾಯಸ ಆದ ಹಾಗೇ. ಸಣ್ಣಕ್ಕಿ ಅದರಲ್ಲೇ ಬೇಯಲಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ. ಮೇಲೆ ತುಪ್ಪ ಧಾರಾಳವಾಗಿರಲಿ.

ನಾನು ಹಾಸನದ ಕಡೆಯವಳು. ಮದುವೆಯಾಗಿ ಬಂದ ವರ್ಷ ಎರಡು ಬಟ್ಟಲು ತಿಂದು ಮಲಗಿದೆ. ಬೆಳಿಗ್ಗೆ ಬಚ್ಚಲಿಗೆ ಹೋದರೆ ಉಚ್ಚೆ ಕೆಂಪಗೆ! ಗಡಗಡ ನಡುಗುತ್ತಾ ಅತ್ತೆಯ ಹತ್ತಿರ ಓಡಿದೆ. ಅವರು ಕಾಫಿ ಸೋಸುವುದನ್ನೂ ನಿಲ್ಲಿಸಲಿಲ್ಲ. "ಹಾಗಾದ್ರೆ ಸೊಪ್ಪು ಚೆನ್ನಾಗಿತ್ತು ಬಿಡು" ಅಂದರು. ಮನೆಗೆ ಬಂದ ನೆಂಟರಿಗೆ ಇದನ್ನು ಪಾಯಸ ಬಡಿಸುವಾಗಲೇ ಹೇಳಿಬಿಡಿ.