ಕಡಲತೀರದ ಹುಡುಕಾಟಕ್ಕೆ ಯಾವ ಸ್ಕೂಪ್?

ಮೆಟಲ್ ಡಿಟೆಕ್ಟರ್ ಸದ್ದು ಮಾಡಿದ ಮೇಲೆ ಮರಳು ತೋಡಿ, ಸೋಸಿ, ವಸ್ತುವನ್ನು ಕೈಗೆ ಕೊಡುವುದು ಸ್ಕೂಪ್, ಅಂದರೆ ಹಿಡಿಯಿರುವ, ರಂಧ್ರಗಳ ಬುಟ್ಟಿ. ಅದನ್ನು ಕೊಳ್ಳುವ ಮುನ್ನ, ನೀವು ಹುಡುಕಲಿರುವ ತೀರದ ನಿಯಮ ಓದಿಕೊಳ್ಳಿ. ಡಿಟೆಕ್ಟರ್‌ಗೆ ಅನುಮತಿ ಬೇಕೇ? ಉಬ್ಬರದ ಗೆರೆಯ ಯಾವ ಕಡೆ ತೋಡಬಹುದು? ಗುಂಡಿಯ ಆಳಕ್ಕೆ, ಉಪಕರಣದ ಅಳತೆಗೆ ಮಿತಿ ಇದೆಯೇ? ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿರುವ ತೀರಗಳಲ್ಲಿ ಡಿಟೆಕ್ಟರ್ ಬಳಕೆಯೇ ನಿಷಿದ್ಧ. ಬ್ರಿಟನ್‌ನಲ್ಲಿ ಮುಳುಗಿದ ಹಡಗಿನ ವಸ್ತು ಸಿಕ್ಕರೆ 28 ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕು. ಕಡಲಾಮೆ ಮೊಟ್ಟೆಯಿಡುವ ಜಾಗದಲ್ಲಂತೂ, ನಿಯಮ ಏನೇ ಇರಲಿ, ತೋಡಲೇಬೇಡಿ.

ಮುಂದೆ ಮರಳು ನೋಡಿ. ಒಣ ಮರಳಿಗೆ ಪ್ಲಾಸ್ಟಿಕ್‌ನ ಪುಟ್ಟ ಕೈಸ್ಕೂಪ್ ಸಾಕು. ಡಿಟೆಕ್ಟರ್ ಪ್ಲಾಸ್ಟಿಕ್ಕಿಗೆ ಸದ್ದು ಮಾಡದು. ಹಾಗಾಗಿ ತುಂಬಿದ ಸ್ಕೂಪನ್ನೇ ಡಿಟೆಕ್ಟರ್‌ನ ತುದಿಯಲ್ಲಿರುವ ಕಾಯಿಲ್ (ಲೋಹ ಪತ್ತೆಹಚ್ಚುವ ತಟ್ಟೆ) ಮುಂದೆ ಆಡಿಸಿ, ವಸ್ತು ಒಳಗೆ ಬಂತೇ ಎಂದು ನೋಡಬಹುದು. ಹಸಿ ಮರಳು ಗಟ್ಟಿ. ಅದಕ್ಕೆ ಚೂಪಾದ ಅಂಚಿನ ಸ್ಟೀಲ್ ಬೇಕು. ನೀರಿಗಿಳಿಯುವವರಿಗೆ ಉದ್ದನೆಯ ಹಿಡಿಯಿರುವ ಸ್ಕೂಪೇ ಸರಿ. ಅಲೆ ಗುಂಡಿಯನ್ನು ಕೂಡಲೇ ಮುಚ್ಚಿಬಿಡುತ್ತದೆ, ಒಂದೆರಡು ಬಾರಿಗೇ ವಸ್ತು ಮೇಲೆ ಬರಬೇಕು. ಬುಟ್ಟಿಯ ಹಿಂಬದಿಯಲ್ಲಿ ಕಾಲಿಟ್ಟು ಒತ್ತಲು ಪಟ್ಟಿ ಇದೆಯೇ ನೋಡಿ.

ನನ್ನ ಮಟ್ಟಿಗೆ ಆಯ್ಕೆಯ ಜೀವಾಳ ರಂಧ್ರದ ಅಳತೆ. ರಂಧ್ರ ದೊಡ್ಡದಾದಷ್ಟೂ ಮರಳು ಬೇಗ ಉದುರುತ್ತದೆ, ಜೊತೆಗೆ ಕಿವಿಯೋಲೆಯೂ ಜಾರುತ್ತದೆ. ಚಿಕ್ಕದಾದರೆ ಏನೂ ಜಾರದು, ಆದರೆ ಚಿಪ್ಪಿನ ಚೂರು ಸಿಕ್ಕಿಕೊಂಡು ಬುಟ್ಟಿ ಭಾರವಾಗುತ್ತದೆ. ಆಕಾರವನ್ನೂ ಮರೆಯಬೇಡಿ. 20 ಮಿ.ಮೀ. ಅಗಲದ ಉಂಗುರ 12 ಮಿ.ಮೀ.ನ ದುಂಡು ರಂಧ್ರದಲ್ಲಿ ಹೇಗೆ ತಿರುಗಿದರೂ ತೂರದು. ಅದೇ ಉಂಗುರ ಉದ್ದುದ್ದ ಸೀಳಿನಲ್ಲಿ ಅಂಚಿನ ಮೇಲೆ ನಿಂತು ನುಸುಳಿ ಹೋಗಬಹುದು. ನಾಣ್ಯವೂ ಹಾಗೆಯೇ. ತೆಳ್ಳನೆಯ ಸರವನ್ನು ಮಾತ್ರ ಯಾವ ರಂಧ್ರವೂ ಖಾತ್ರಿಯಾಗಿ ಹಿಡಿಯಲಾರದು, ಅದಕ್ಕೆ ಮರಳನ್ನು ದಡಕ್ಕೆ ತಂದು ಸುರಿದು ನೋಡುವುದೇ ದಾರಿ.

ಲೋಹದ ವಿಚಾರಕ್ಕೆ ಬಂದರೆ, ಉಪ್ಪುನೀರಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಬಾಳುತ್ತದೆ; ಅದರಲ್ಲಿರುವ ಮಾಲಿಬ್ಡಿನಮ್ ಎಂಬ ಲೋಹ ತುಕ್ಕನ್ನು ತಡೆಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಸ್ಟೀಲ್ ಬೋಲ್ಟ್ ತಾಗುವ ಕಡೆ ಉಪ್ಪುನೀರಿನಲ್ಲಿ ಸವೆಯುತ್ತದೆ. ಹಿಡಿಯೂ ಬುಟ್ಟಿಯೂ ಸೇರುವ ಬೆಸುಗೆಯನ್ನು ಬೆರಳಾಡಿಸಿ ಪರೀಕ್ಷಿಸಿ. ಭಾರವೆಲ್ಲ ಬೀಳುವುದು ಅಲ್ಲೇ.

ಕೊನೆಗೆ, ತೋಡಿದ ಮರಳನ್ನು ಅದೇ ಸ್ಕೂಪಿನ ಬೆನ್ನಿನಿಂದ ಗುಂಡಿಗೆ ಎಳೆದು ಮುಚ್ಚಲು ಬರುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಬಹಳ ತೀರಗಳಲ್ಲಿ ಗುಂಡಿ ಮುಚ್ಚುವುದೂ ನಿಯಮವೇ.