ಕಂಟ್ರೋಲೂ ಹಳದಿ

ಬೆಳಗಾವಿಯ ಒಂದು ಲ್ಯಾಬಿನಲ್ಲಿ ಮೂಳೆ ಕಟ್ಟುವ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ನಮ್ಮ ತಳಿ ಎಂಸಿ3ಟಿ3-ಇ1, ಇಲಿಮರಿಯ ತಲೆಬುರುಡೆಯಿಂದ ಬಂದದ್ದು. ಇವು ಇನ್ನೂ ಎಳೆಯ ಕೋಶಗಳು. ಬಿಎಂಪಿ-2 ಎಂಬ ಪ್ರೋಟೀನ್ ಕೊಟ್ಟರೆ ಮೂಳೆ ಕಟ್ಟುವ ಹಾದಿಗೆ ಬರುತ್ತವೆ. ಅದನ್ನು ತೋರಿಸಿಬಿಟ್ಟರೆ ಮುಗೀತು ಅಂದುಕೊಂಡಿದ್ದೆ.

ಏಳನೇ ದಿನ ಎಎಲ್‌ಪಿ (ಆಲ್ಕಲೈನ್ ಫಾಸ್ಫಟೇಸ್) ಎಂಬ ಕಿಣ್ವದ ಟೆಸ್ಟ್. ಕೋಶ ಹಾದಿಗೆ ಬಂದಿದ್ದರೆ ಈ ಕಿಣ್ವ ಜಾಸ್ತಿಯಾಗಿ, ಬಣ್ಣವಿಲ್ಲದ ದ್ರಾವಣ ಹಳದಿಯಾಗುತ್ತದೆ. ಬಿಎಂಪಿ ಹಾಕಿದ ವೆಲ್‌ಗಳು, ಅಂದರೆ ಕೋಶ ಬೆಳೆಸುವ ತಟ್ಟೆಯ ಗುಳಿಗಳು, ಸವದತ್ತಿ ಗುಡ್ಡದ ಭಂಡಾರದಂತೆ ಮಿಂಚುತ್ತಿದ್ದವು. ನಾನು ಫೋಟೊ ತೆಗೆಯುತ್ತಿದ್ದೆ. ಪಕ್ಕದಲ್ಲಿದ್ದ ಜೂನಿಯರ್ ಮೆಲ್ಲಗೆ, "ಅಕ್ಕಾ, ಕಂಟ್ರೋಲೂ ಹಳದಿ ಆಗೇತ್ರಿ" ಅಂದಳು. ಕಂಟ್ರೋಲ್ ಅಂದರೆ ಹೋಲಿಸಿ ನೋಡಲೆಂದು ಬಿಎಂಪಿ ಹಾಕದೆ ಬಿಟ್ಟ ವೆಲ್.

ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ಇನ್‌ಕ್ಯುಬೇಟರ್‌ ಮೇಲೆ ಅನುಮಾನ ಬಂತು, ಸುಮ್ನೆ ಕರೆಂಟನ್ನೂ ಬೈದೆ. ಕೊನೆಗೆ ಕೋಶಗಳಿಗೆ ಹಾಕುವ ಪೋಷಕ ದ್ರಾವಣ, ಆಲ್ಫಾ ಎಂಇಎಂ ಮೀಡಿಯಾದಲ್ಲಿ ಏನೇನಿದೆ ಎಂಬ ಪಟ್ಟಿ ಓದಿದೆ. ಆಸ್ಕಾರ್ಬಿಕ್ ಆಮ್ಲ, ಲೀಟರಿಗೆ 50 ಮಿಲಿಗ್ರಾಂ! ಅಂದರೆ ವಿಟಮಿನ್ ಸಿ. ಕೋಶಗಳನ್ನು ಮೂಳೆಯ ಕಡೆ ತಿರುಗಿಸಲು ನಾವು ಬೇಕಂತಲೇ ಹಾಕುವ ಪ್ರಮಾಣವೂ ಇಷ್ಟೇ. ಅದಿದ್ದರೆ ಕೋಶಗಳು ಸುತ್ತ ಕೊಲಾಜೆನ್ ಹೆಣೆದುಕೊಳ್ಳುತ್ತವೆ. ಆ ಕೊಲಾಜೆನ್ ಹಿಡಿದು ನಿಂತ ಮೇಲೆ ಬಲಿಯತೊಡಗುತ್ತವೆ. ನನ್ನ ಕಂಟ್ರೋಲ್ ಕಂಟ್ರೋಲೇ ಆಗಿರಲಿಲ್ಲ.

ಆಸ್ಕಾರ್ಬಿಕ್ ಆಮ್ಲವಿಲ್ಲದ ಆಲ್ಫಾ ಎಂಇಎಂ ಬೇರೆಯೇ ಸಿಗುತ್ತದೆ. ಅದು ಬಂದ ಮೇಲೆ ನಾಲ್ಕು ಗುಂಪು ಮಾಡಿದೆ: ಏನೂ ಇಲ್ಲದ್ದು, ಬರೀ ವಿಟಮಿನ್, ಬರೀ ಬಿಎಂಪಿ, ಎರಡೂ. ಈ ಸಲ ಮೊದಲನೆಯದು ಹೆಚ್ಚುಕಡಿಮೆ ನೀರಿನ ಹಾಗೇ ಉಳಿಯಿತು. ಬರೀ ಬಿಎಂಪಿಗೆ ತೆಳು ಹಳದಿ, ಎರಡೂ ಸೇರಿದಲ್ಲಿ ಅಚ್ಚ ಅರಿಸಿನ. ಸುದ್ದಿ ಮುಟ್ಟಿಸಲು ಬಿಎಂಪಿ ಕೋಶದ ಒಳಗೆ ಹೋಗಬೇಕಿಲ್ಲ. ಹೊರಗಿನ ರಿಸೆಪ್ಟರ್‌ಗೆ ಅಂಟುತ್ತದೆ, ಸುದ್ದಿಯನ್ನು ಸ್ಮ್ಯಾಡ್ ಪ್ರೋಟೀನ್‌ಗಳು ನ್ಯೂಕ್ಲಿಯಸ್‌ಗೆ ಒಯ್ಯುತ್ತವೆ, ಅಲ್ಲಿ ಮೂಳೆಯ ಜೀನ್‌ಗಳನ್ನು ಚಾಲೂ ಮಾಡುವ ರನ್ಎಕ್ಸ್2 ಏಳುತ್ತದೆ. ಕೊಲಾಜೆನ್ ಇಲ್ಲದಿದ್ದರೆ ಆ ಸುದ್ದಿಗೆ ಅಷ್ಟು ಬೆಲೆಯಿಲ್ಲ.

ಇನ್ನೊಂದು ಮಾತು. ಬಿಎಂಪಿ-2 ಟ್ಯೂಬಿನ ಗೋಡೆಗೆ ಅಂಟುವ ಜಾತಿ. ಸೌಮ್ಯ ಆಮ್ಲದಲ್ಲಿ ಸ್ವಲ್ಪ ಆಲ್ಬುಮಿನ್ ಸೇರಿಸಿ ಕರಗಿಸಿ, ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿಗೆ ಹಾಕಿ. ನಾನು ಒಂದೇ ಟ್ಯೂಬನ್ನು ನಾಲ್ಕೈದು ಸಲ ಕರಗಿಸಿ ಕೆಡಿಸಿದ್ದೆ.

ಖಾತ್ರಿಗೆಂದು ಬಿಎಂಪಿಯನ್ನು ಹಿಡಿದಿಡುವ ನಾಗಿನ್ (noggin) ಎಂಬ ಪ್ರೋಟೀನನ್ನೂ ಹಾಕಿ ನೋಡಿದೆವು. ಎರಡೂ ಸೇರಿದ ವೆಲ್‌ನ ಹಳದಿ ಇಳಿಯಿತು, ಅದು ಗೊತ್ತಿದ್ದದ್ದೇ. ಬರೀ ವಿಟಮಿನ್ ಹಾಕಿದಲ್ಲೂ ಇಳಿಯಿತು. ಅಲ್ಲಿ ನಾವು ಬಿಎಂಪಿ ಹಾಕಿರಲೇ ಇಲ್ಲ. ಕೋಶಗಳೇ ತಮಗೆ ಬೇಕಾದ್ದನ್ನು ಮಾಡಿಕೊಳ್ಳುತ್ತಿದ್ದವು.